ಮುಂದಿನ ಎರಡು ಚಕ್ರಗಳ ಸೋಮಾರಿತನ

ನಮ್ಮ ಭಾವನವರ ಲಾಂಡ್ರಿಯಲ್ಲಿ ಸುಮ್ಮನೆ ಕೂರುವ ಹಕ್ಕು ಯಾರಿಗೂ ಇಲ್ಲ. ಇದು ಗೋಡೆಯ ಮೇಲೆ ಬರೆದು ಹಾಕಿದ ನಿಯಮವಲ್ಲ; ಬರೆದು ಹಾಕಲು ಯಾರಿಗೂ ಪುರಸೊತ್ತು ಸಿಕ್ಕಿಲ್ಲ, ಅಷ್ಟೆ. ಭಾವನ ತಾಯಿಗೆ ಎಪ್ಪತ್ತೆಂಟು ವರ್ಷ. ಅವರು ಕುರ್ಚಿಯಲ್ಲಿ ಕೂತು ದಿಂಬಿನ ಚೀಲ ಮಡಚುತ್ತಾರೆ. ಅವರನ್ನು ಮಾತಾಡಿಸಲು ಬಂದ ನೆಂಟರು ಕ್ಷೇಮ ಸಮಾಚಾರ ಮುಗಿಸುವಷ್ಟರಲ್ಲಿ ತಾವೂ ಒಂದು ಡಜನ್ ಮಡಚಿರುತ್ತಾರೆ. ನಾನು ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಹೋಗೋಣವೆಂದು ಬಂದವನು. ಬಂದು ಒಂಬತ್ತು ವರ್ಷವಾಯಿತು. ಬಟ್ಟೆಗಳಿಗೆ ಶಾಯಿಯಲ್ಲಿ ಗುರುತು ಹಾಕುವ ಕೆಲಸ ಇನ್ನೂ ಮುಗಿದಿಲ್ಲ.

ಭಾವನಿಗೆ ಬೀದಿಯವರು ಇಟ್ಟ ಹೆಸರು ‘ಗಂಜಿ’. ಅವರ ಅಂಗಿಗೆ ಹಾಕುವಷ್ಟು ಗಂಜಿ ಬೇರೆ ಯಾರ ಅಂಗಿಗೆ ಹಾಕಿದರೂ ಗಿರಾಕಿ ಜಗಳಕ್ಕೆ ಬರುತ್ತಾನೆ. ಕಾಲರು ಎಷ್ಟು ಬಿಗಿ ಎಂದರೆ ಪಕ್ಕಕ್ಕೆ ನೋಡಬೇಕಾದರೆ ಅವರು ಇಡೀ ಮೈಯನ್ನೇ ತಿರುಗಿಸಬೇಕು. ನಮ್ಮ ಅಕ್ಕ ಇದಕ್ಕೆ ತದ್ವಿರುದ್ಧ. ಮದುವೆಗೆ ಮುಂಚೆ ನಮ್ಮಪ್ಪನ ಲಾರಿಯಲ್ಲಿ ಡ್ರೈವಿಂಗ್ ಕಲಿತವಳು. ಮದುವೆಯಾಗಿ ಹದಿನೇಳು ವರ್ಷದಿಂದ ಇಸ್ತ್ರಿ ಮೇಜಿನ ಆಚೆ ಹೋದವಳಲ್ಲ, ಆದರೆ ಲೈಸೆನ್ಸನ್ನು ಮಾತ್ರ ತಪ್ಪದೆ ನವೀಕರಿಸುತ್ತಾಳೆ. ಅಚ್ಚಾದದ್ದು ಏನು ಸಿಕ್ಕರೂ ಓದುತ್ತಾಳೆ. ಸೋಪಿನ ಪುಡಿಯ ಪೊಟ್ಟಣದ ಹಿಂದಿರುವ ಎಚ್ಚರಿಕೆಯನ್ನು ಇಡೀ ಊರಿನಲ್ಲಿ ಕೊನೆಯ ಸಾಲಿನವರೆಗೆ ಓದಿದವಳು ಅವಳೊಬ್ಬಳೇ ಇರಬೇಕು.

ನಮ್ಮ ಅರ್ಧ ಕೆಲಸ ಹೆರಿಗೆ ಆಸ್ಪತ್ರೆಯದು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಅಂಗೈ ಅಗಲದ ಮಕ್ಕಳ ಬಟ್ಟೆ ಎಲ್ಲವನ್ನೂ ಗಂಟು ಕಟ್ಟಿ ಹಿತ್ತಲಿನ ಅಂಗಳದಲ್ಲಿ ಇಳಿಸಬೇಕು. ಆ ಅಂಗಳಕ್ಕೇ ಹಸುಗೂಸುಗಳ ಕೋಣೆಯ ಕಿಟಕಿಗಳು. ನಮ್ಮ ಹಳೇ ವ್ಯಾನು ಬರುತ್ತಿದೆ ಎಂಬುದು ಎರಡು ಬೀದಿ ಮೊದಲೇ ಗೊತ್ತಾಗುತ್ತಿತ್ತು. ಒಂದು ದಿನ ಅಲ್ಲಿಯ ಹೆಡ್ ಸಿಸ್ಟರು ಭಾವನನ್ನು ಕರೆಸಿದರು. ಈ ಹೆಂಗಸು ಮೂವತ್ತು ವರ್ಷ ಮಲಗಿದ ಮಕ್ಕಳ ನಡುವೆ ಓಡಾಡಿ, ಈಗ ಬಯಲಲ್ಲಿ ನಿಂತರೂ ಪಿಸುಮಾತಿನಲ್ಲೇ ಮಾತಾಡುತ್ತಾರೆ. ಅವರ ಪಿಸುಮಾತಿನ ಮುಂದೆ ಬೇರೆಯವರ ಬೈಗುಳ ಏನೂ ಅಲ್ಲ.

“ಹುಟ್ಟಿ ಎರಡು ದಿನ ಆಗಿಲ್ಲ ಆ ಮಕ್ಕಳಿಗೆ,” ಎಂದರು. “ನಿಮ್ಮ ಗಾಡಿ ಸದ್ದು ಕೇಳಿ, ಬಂದ ದಾರೀಲೇ ವಾಪಸ್ ಹೋಗ್ತೀವಿ ಅಂತಿವೆ.”

“ಸೈಲೆನ್ಸರ್ ಬದಲಾಯಿಸ್ತೀನಿ ಸಿಸ್ಟರ್.”

“ಗಾಡಿ ಬದಲಾಯಿಸಿ. ಬರೋ ತಿಂಗಳು ಒಂದನೇ ತಾರೀಖು, ಬೆಳಗ್ಗೆ ಹತ್ತು ಗಂಟೆ. ಮಕ್ಕಳು ಮಲಗೋ ಹೊತ್ತು. ನಾನೇ ಅಂಗಳದಲ್ಲಿ ನಿಂತು ಕೇಳ್ತೀನಿ. ಒಂದು ಮಗು ಎದ್ರೂ ಈ ಕೆಲಸ ಸೇತುವೆ ಆಚೆ ಲಾಂಡ್ರಿಗೆ ಹೋಗತ್ತೆ.”

ಹಾಗೆ ಹೋದರೆ ನಮ್ಮ ಎರಡು ಒಗೆಯುವ ಯಂತ್ರಗಳಲ್ಲಿ ಒಂದು ನಿಲ್ಲುತ್ತದೆ, ಒಗೆಯುವ ಇಬ್ಬರು ಹೆಂಗಸರನ್ನು ಮನೆಗೆ ಕಳಿಸಬೇಕಾಗುತ್ತದೆ. ಅವರಿಬ್ಬರೂ ನಾನು ಬರುವ ಮೊದಲಿನಿಂದ ಅಲ್ಲಿರುವವರು. ಆ ದಿನ ಭಾವ ಊಟ ಮಾಡಲಿಲ್ಲ. ಮರುದಿನ ಹೋಗಿ ಹೈಬ್ರಿಡ್ ಪಿಕಪ್ ಟ್ರಕ್ ಕೊಂಡರು.

ಬ್ಯಾಟರಿಯೂ ಉಂಟು, ಪೆಟ್ರೋಲ್ ಇಂಜಿನ್ನೂ ಉಂಟು. ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡಿದರೆ ನಲವತ್ತೈದು ಕಿಲೋಮೀಟರ್ ಇಂಜಿನ್ ಏಳದೆಯೇ ಹೋಗುತ್ತದೆ. ಬೆಟ್ಟಗುಡ್ಡ ಹತ್ತಲು ನಾಲ್ಕೂ ಚಕ್ರ ಎಳೆಯುವ ಏರ್ಪಾಡು ಬೇರೆ. ನಮ್ಮ ಊರಿನಲ್ಲಿರುವ ಅತಿ ದೊಡ್ಡ ಏರು ಅಂಚೆ ಕಚೇರಿಯ ಮೆಟ್ಟಿಲು. ಆದರೆ ಶೋರೂಮಿನಲ್ಲಿ ತಕ್ಷಣ ಕೊಡಲು ಇದ್ದದ್ದು ಅದೊಂದೇ ಗಾಡಿ.

ಟೈ ಕಟ್ಟಿಕೊಂಡ ಶೋರೂಮಿನವರೇ ಅದನ್ನು ನಮ್ಮ ಬೀದಿಗೆ ಓಡಿಸಿಕೊಂಡು ಬಂದರು. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಎದುರು ಮನೆಯ ರಿಟೈರ್ಡ್ ಹೆಡ್‌ಮಾಸ್ಟರು ಪೇಪರ್ ಕೆಳಗಿಳಿಸಿ ನೋಡಿದರೆ ಗೇಟಿನ ಮುಂದೆ ಮನೆಯಷ್ಟು ದೊಡ್ಡ ಗಾಡಿ ನಿಂತಿದೆ. ಬೀದಿಯೆಲ್ಲ ಸೇರಿತು. ಭಾವ ಬಾನೆಟ್ಟಿನ ಮೇಲೆ ಕೈಯಿಟ್ಟು, “ಸದ್ದು ಕೇಳಿಸ್ತಾ? ಇಲ್ಲ ತಾನೇ? ಕೇಳಿಸಲ್ಲ. ಅದೇ ಇದರ ಮಹಿಮೆ,” ಎಂದು ಬಂದವರಿಗೆಲ್ಲ ಒಂದೊಂದು ಸಲ ಹೇಳಿದರು. ಮೊದಲೇ ಬಂದವರಿಗೆ ಎರಡೆರಡು ಸಲ ಹೇಳಿದರು. ಆಮೇಲೆ, ಏನೋ ಒಂದು ಕೇಳಬೇಕಲ್ಲ ಎಂದು ಟೈಯವರನ್ನು ಕೇಳಿದರು.

“ಈಗ ಯಾವ ಚಕ್ರ ಎಳೀತು?”

“ಹಿಂದಿನ ಎರಡು ಸಾರ್.”

“ಮುಂದಿನವು ಏನು ಮಾಡ್ತಿದ್ವು?”

“ಅವು ಸುಮ್ನೆ ಜೊತೇಲಿ ಉರುಳ್ತವೆ ಸಾರ್. ಬೇಕಾದಾಗ ಈ ಗುಂಡಿ ತಿರುಗಿಸಿದ್ರೆ ನಾಲ್ಕೂ ಎಳೀತವೆ. ಕೆಸರು, ಮರಳು, ಅಂಥ ಕಡೆಗೆ. ಗಾಡಿ ಆಫ್ ಮಾಡಿದ ತಕ್ಷಣ ತಾನಾಗೇ ಎರಡಕ್ಕೆ ವಾಪಸ್ ಬರುತ್ತೆ. ಆದ್ರೆ ನಾಲ್ಕು ಹಾಕಿದಾಗ ಏನಾಗುತ್ತೆ ಅಂದ್ರೆ...”

ಏನಾಗುತ್ತದೆ ಎಂಬುದು ಭಾವನ ಕಿವಿಗೆ ಬೀಳಲಿಲ್ಲ. ಅವರು ‘ಸುಮ್ನೆ’ ಎಂಬ ಮಾತಿನಲ್ಲೇ ನಿಂತುಬಿಟ್ಟಿದ್ದರು. ನನಗೆ ಆ ಮುಖದ ಗುರುತು ಚೆನ್ನಾಗಿ ಇದೆ. ಒಂಬತ್ತು ವರ್ಷದ ಹಿಂದೆ, ಎರಡನೇ ದಿನ ಊಟವಾದ ಮೇಲೆ ನಾನು ಕಾಲು ಚಾಚಿ ಕೂತಾಗ ಅದೇ ಮುಖ ಮಾಡಿಕೊಂಡು ನನ್ನನ್ನು ನೋಡಿದ್ದರು.

“ನಾಲ್ಕು ಚಕ್ರ ತಂದು ಎರಡರ ಕೈಲಿ ದುಡಿಸೋದಾ!” ಎಂದು ಆ ಸಂಜೆ ಮನೆಯವರಿಗೆಲ್ಲ ಹೇಳಿದರು. “ಹಿಂದಿನವು ಬಡಪಾಯಿಗಳು ತಳ್ಳಿ ತಳ್ಳಿ ಸಾಯ್ಬೇಕು, ಮುಂದಿನವು ಊರು ನೋಡ್ಕೊಂಡು ಹೋಗ್ಬೇಕು. ಯಾವ ನ್ಯಾಯ ಇದು?”

ಮರುದಿನ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದವರೇ ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದರು. ಅಂದಿನಿಂದ ಅದು ನಿತ್ಯಕರ್ಮವಾಯಿತು. ಅಂದಿನಿಂದಲೇ ಗಾಡಿ ಗುರ್ರೆನ್ನತೊಡಗಿತು.

ನಿಮಗೆ ಇಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿರಬಹುದು. ನಮಗೆ ಆಗಲಿಲ್ಲ. ನನಗಿದ್ದದ್ದು ಸೈಕಲ್ಲಿನ ಅನುಭವ. ಅದರಲ್ಲೂ ಮುಂದಿನ ಚಕ್ರ ಸುಮ್ಮನೆ ಉರುಳುತ್ತದೆ ಎಂಬುದನ್ನು ನಾನು ಭಾವನಿಂದ ಮುಚ್ಚಿಟ್ಟಿದ್ದೆ. ಭಾವನಿಗೆ ಅನಿಸಿದ್ದು ಚಾರ್ಜ್ ಸಾಲದು ಎಂದು. ಹಸಿದವನು ತಾನೇ ಕೂಗಾಡುವುದು! ಅಡುಗೆಮನೆಯ ಕಿಟಕಿಯಿಂದ ವೈರು ಎಳೆದು ಹಗಲೆಲ್ಲ ಚಾರ್ಜಿಗೆ ಹಾಕಿದರು. ಗಾಡಿ ಚಾರ್ಜ್ ಆಗುವಾಗ ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಫ್ಯೂಸ್ ಹೋಗುತ್ತಿತ್ತು. ಹಾಗಾಗಿ ಇಸ್ತ್ರಿ ನಿಂತಿತು.

“ರೀ, ಆ ಗುಂಡಿ ಇದೆಯಲ್ಲ...” ಎಂದಳು ಅಕ್ಕ.

“ಗುಂಡಿ ಆಮೇಲೆ ಹೊಲಿ. ಮೊದಲು ಇಸ್ತ್ರಿ ಮಾಡು.”

“ಇಸ್ತ್ರಿಗೆ ಕರೆಂಟ್ ಎಲ್ಲಿದೆ?”

“ಹಾಗಿದ್ರೆ ಮಡಚು. ಸುಮ್ನೆ ಮಾತ್ರ ಕೂರ್ಬೇಡ.”

ಮೂರು ದಿನದಲ್ಲಿ ಇಡೀ ಬೀದಿ ಸುಕ್ಕುಗಟ್ಟಿತು. ಬ್ಯಾಂಕ್ ಮ್ಯಾನೇಜರು ಹಿಂಡಿ ಬಿಟ್ಟ ಅಂಗಿಯಲ್ಲೇ ಕೆಲಸಕ್ಕೆ ಹೋದರು. ಬಾಗಿಲಲ್ಲಿ ಕಾವಲುಗಾರ ಯಾರು ಬೇಕಾಗಿತ್ತು ಎಂದು ಕೇಳಿದನಂತೆ. ಹೆಡ್‌ಮಾಸ್ಟರು ಕಾಂಪೌಂಡಿನ ಮೇಲೆ ಮೊಳಕೈ ಊರಿ, “ಎಲ್ಲರೂ ಹಾಸಿಗೆಯಿಂದ ಎದ್ದು ಬಂದ ಹಾಗೆ ಕಾಣ್ತೀವಲ್ಲಯ್ಯಾ ಗಂಜಿ, ನೀನೊಬ್ಬನೇ ನೆಟ್ಟಗೆ ನಿಂತಿದೀಯ,” ಎಂದರು. ಭಾವನ ಬಳಿ ಹಿಂದಿನ ವಾರದ ಅಂಗಿಗಳ ದಾಸ್ತಾನು ಇತ್ತು.

ಚಾರ್ಜ್ ತುಂಬಿ ತುಳುಕಿದರೂ ಸದ್ದು ನಿಲ್ಲಲಿಲ್ಲ. ಭಾವ ಸಿಟ್ಟು ನೆತ್ತಿಗೇರಿ, ನನ್ನನ್ನು ಹಿಂದೆ ಕೂರಿಸಿಕೊಂಡು ಶೋರೂಮಿಗೆ ನುಗ್ಗಿದರು. “ಪೆಟ್ರೋಲ್ ಗಾಡಿಗೆ ಬ್ಯಾಟರಿ ವೇಷ ಹಾಕಿ ಕೊಟ್ಟಿದೀರಾ?” ಎಂದು ಕೂಗಿ, ಗಾಡಿ ಆಫ್ ಮಾಡಿ, ಕೀಲಿಯನ್ನು ಟೈಯವರ ಕೈಗೆ ಎಸೆದರು. ಟೈಯವರು ಹತ್ತಿ ಅಂಗಳದ ಸುತ್ತ ಒಂದು ಸುತ್ತು ಹಾಕಿದರು. ಚೂರೂ ಸದ್ದಿಲ್ಲ. ನಗುತ್ತ ಇಳಿದರು. ಭಾವ ಹತ್ತಿದರು, ಸ್ಟಾರ್ಟ್ ಮಾಡಿದರು, ಅಭ್ಯಾಸದಂತೆ ಗುಂಡಿ ತಿರುಗಿಸಿದರು. ಗುರ್ರ್! ಇಳಿದರು. ಟೈಯವರು ಹತ್ತಿದರು. ಸದ್ದಿಲ್ಲ. ಭಾವ ಹತ್ತಿದರು. ಗುರ್ರ್! ಹೀಗೆ ಮೂರು ಸಲ ಆಗುವಷ್ಟರಲ್ಲಿ ಕಾರು ಕೊಳ್ಳಲು ಬಂದವರೆಲ್ಲ ಹೊರಗೆ ಬಂದು ನಿಂತು ಎರಡು ಪಕ್ಷವಾಗಿದ್ದರು.

ಟೈಯವರು ಭಾವನನ್ನು ಮೇಲಿಂದ ಕೆಳಗೆ ನೋಡಿದರು. “ಸಾರ್, ಗಾಡೀಲಿ ದೋಷ ಇಲ್ಲ,” ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಉಳಿದದ್ದನ್ನು ಹೇಳಲಿಲ್ಲ.

ಆ ಹೇಳದ ಮಾತು ಭಾವನಿಗೆ ನಾಟಿತು. ಮನೆಗೆ ಬಂದು ಕುರ್ಚಿಯ ಪಕ್ಕ ನಿಂತು, “ಅಮ್ಮಾ, ಗಾಡಿಗೆ ನನ್ನನ್ನು ಕಂಡ್ರೆ ಆಗಲ್ಲ,” ಎಂದರು.

“ಸುಸ್ತಾಗಿರ್ಬೇಕು ಕಣೋ ಅದಕ್ಕೆ,” ಎಂದರು ಅವರ ತಾಯಿ, ದಿಂಬಿನ ಚೀಲದಿಂದ ಕಣ್ಣೆತ್ತದೆ. “ನಿನ್ನ ಮನೆಗೆ ಬಂದಿದೆಯಲ್ಲ.”

ಒಂದನೇ ತಾರೀಖಿಗೆ ನಾಲ್ಕು ದಿನ ಉಳಿದಿತ್ತು. ಗಾಡಿ ಒಪ್ಪುವಂಥ ಡ್ರೈವರನ್ನು ಹುಡುಕಲು ಭಾವ ಬೀದಿಯವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ನೋಡಿದರು. ಮೊದಲು ಹೆಡ್‌ಮಾಸ್ಟರು. ಭಾವ ಪಕ್ಕದಲ್ಲಿ ಕೂತು, ಹಿರಿಯರಿಗೆ ತೊಂದರೆಯಾಗಬಾರದೆಂದು ತಾವೇ ಗುಂಡಿ ತಿರುಗಿಸಿ ಕೊಟ್ಟರು. ಗುರ್ರ್! ತಿರುವಿನಲ್ಲಿ ಟೈರುಗಳು ಕಿರುಚಿ, ಗಾಡಿ ಒದ್ದಾಡಿ, ಹೆಡ್‌ಮಾಸ್ಟರ ಕಾಂಪೌಂಡಿನ ಮೇಲಿದ್ದ ಮೂರು ಹೂವಿನ ಕುಂಡ ಕೆಳಗೆ ಬಿದ್ದವು. ಗಟ್ಟಿ ರಸ್ತೆಯಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ಎಳೆದರೆ ತಿರುವಿನಲ್ಲಿ ಹಾಗೇ ಜಗ್ಗಾಡುತ್ತವೆ ಎಂದು ನನಗೆ ಆಮೇಲೆ ತಿಳಿಯಿತು.

“ಬಲ ನೋಡಿ ಬಲ!” ಎಂದರು ಭಾವ.

“ಕುಂಡ ನೋಡಿ ಕುಂಡ!” ಎಂದರು ಹೆಡ್‌ಮಾಸ್ಟರು.

ಆಮೇಲೆ ಬ್ಯಾಂಕ್ ಮ್ಯಾನೇಜರು, ಸಲೂನಿನವರು, ಹಾಲಿನವರು. ಎಲ್ಲರಿಗೂ ಭಾವನೇ ಗುಂಡಿ ತಿರುಗಿಸಿ ಕೊಟ್ಟರು. ಎಲ್ಲರ ಕೈಯಲ್ಲೂ ಗಾಡಿ ಕೂಗಿತು. ಗಾಡಿಗೆ ಈ ಬೀದಿಯೇ ಇಷ್ಟವಿಲ್ಲ ಎಂಬ ತೀರ್ಮಾನಕ್ಕೆ ಬಂದು ಜನ ಸ್ವಲ್ಪ ಬೇಜಾರು ಮಾಡಿಕೊಂಡರು.

ಮೂವತ್ತೊಂದನೇ ತಾರೀಖು ಮಧ್ಯಾಹ್ನ ಒಗೆಯುವ ಇಬ್ಬರು ಹೆಂಗಸರೂ ಕೈ ಒರೆಸಿಕೊಳ್ಳುತ್ತ ಬಂದು ಭಾವನ ಮುಂದೆ ನಿಂತರು. ಹಿರಿಯವಳು, “ಅಣ್ಣಾ, ನಾಳೆಯಿಂದ ನಾವು ಬರೋದೋ ಬೇಡ್ವೋ ಈಗ್ಲೇ ಹೇಳ್ಬಿಡಿ. ಬೇರೆ ಕಡೆ ಕೇಳ್ಕೋಬೇಕು,” ಎಂದಳು. ಭಾವ ಕಾಲರಿನೊಳಗೆ ಬೆರಳು ತೂರಿಸಿ ಸಡಿಲ ಮಾಡಿಕೊಳ್ಳಲು ನೋಡಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು.

ಆಗ ಅಕ್ಕ ಓದುತ್ತಿದ್ದ, ಗಾಡಿಯ ಜೊತೆ ಬಂದ ದಪ್ಪ ಪುಸ್ತಕವನ್ನು ಕೆಳಗಿಟ್ಟು, ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡು ಹೊರಗೆ ಹೋದಳು. ಹತ್ತಿದಳು. ಗೇಟಿನಿಂದ ಹೊರಟು ಬೀದಿಯ ತುದಿಗೆ ಹೋಗಿ, ತಿರುಗಿಸಿಕೊಂಡು ವಾಪಸ್ ಬಂದಳು. ಟೈರಿನ ಕೆಳಗೆ ಸಣ್ಣ ಕಲ್ಲು ಚಟಪಟ ಎಂದದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಭಾವ ಪಕ್ಕದಲ್ಲೇ ಓಡುತ್ತ ಬಂದರು.

“ಏನೇ ಮಾಡಿದೆ? ಏನು ಮಾಡಿದೆ ಅದಕ್ಕೆ?”

“ಏನೂ ಮಾಡ್ಲಿಲ್ಲ.”

“ಏನೂ ಮಾಡದೆ ಹೇಗೆ ಸುಮ್ಮನಾಯ್ತು?”

“ಅದೇ ರೀ. ಏನೂ ಮಾಡ್ಬಾರ್ದು.” ಅಕ್ಕ ಗುಂಡಿಯ ಕಡೆ ಬೆರಳು ತೋರಿಸಿದಳು. “ಎರಡರಲ್ಲಿ ಬಿಟ್ರೆ ಬ್ಯಾಟರೀಲೇ ಹೋಗುತ್ತೆ. ನಾಲ್ಕೂ ಚಕ್ರ ಎಳೀಬೇಕು ಅಂದ್ರೆ ಈ ಗಾಡೀಲಿ ಇಂಜಿನ್ ಏಳ್ಲೇಬೇಕು. ನೂರ ನಲವತ್ತೆರಡನೇ ಪುಟದಲ್ಲಿ ಬರೆದಿದಾರೆ.”

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?”

ಅಕ್ಕ ನನ್ನ ಕಡೆ ನೋಡಿದಳು. ಅವಳು ‘ಆ ಗುಂಡಿ ಇದೆಯಲ್ಲ’ ಎಂದು ಶುರು ಮಾಡಿದ್ದು ಹನ್ನೊಂದು ಸಲ. ಒಮ್ಮೆಯಂತೂ ಭಾವ ಸೂಜಿ ದಾರವನ್ನೇ ತಂದು ಕೊಟ್ಟಿದ್ದರು.

ಭಾವ ಬಹಳ ಹೊತ್ತು ಮುಂದಿನ ಚಕ್ರಗಳನ್ನು ನೋಡುತ್ತ ನಿಂತರು. ಕೆಲಸಗಳ್ಳನನ್ನು ಹಿಡಿದೂ ಕೆಲಸದಿಂದ ತೆಗೆಯಲಾಗದ ಯಜಮಾನನ ಸಂಕಟ ಅದು. “ಸರಿ. ನಾಳೆ ಒಂದು ದಿನ ಕೂತ್ಕೊಳ್ಲಿ,” ಎಂದು ಕೊನೆಗೆ ಒಪ್ಪಿದರು. “ಆದ್ರೆ ಓಡಿಸೋದು ನಾನೇ. ಬೋರ್ಡಲ್ಲಿರೋದು ನನ್ನ ಹೆಸರು.”

ಒಂದನೇ ತಾರೀಖು ಹತ್ತಕ್ಕೆ ಐದು ನಿಮಿಷ ಇರುವಾಗ ನಾವು ಆಸ್ಪತ್ರೆಯ ಹಿತ್ತಲ ಗೇಟಿಗೆ ಬಂದೆವು. ಭಾವ ಸ್ಟಿಯರಿಂಗಿನ ಹಿಂದೆ, ಅಕ್ಕ ಪಕ್ಕದಲ್ಲಿ, ನಾನು ಹಿಂದೆ ಗಂಟುಗಳ ಮೇಲೆ. ಗೇಟು ತೆರೆದಿತ್ತು. ಕಾವಲುಗಾರ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ರಸ್ತೆಯ ಕಡೆ ಕಿವಿ ಕೊಟ್ಟು ಕೂತಿದ್ದ. ಹಳೇ ವ್ಯಾನಿನ ಕಾಲದಿಂದ ನಮ್ಮನ್ನು ಕಿವಿಯಲ್ಲೇ ಕಾದು ಅವನಿಗೆ ರೂಢಿ. ಹೆಡ್ ಸಿಸ್ಟರು ಬೆನ್ನು ತಿರುಗಿಸಿ ನಿಂತು, ಬಕೆಟ್ಟು ಬೀಳಿಸಿದ ಆಯಾಳಿಗೆ ಪಿಸುಮಾತಿನಲ್ಲಿ ಬೆವರು ಇಳಿಸುತ್ತಿದ್ದರು. ಗಾಡಿ ಇಬ್ಬರನ್ನೂ ದಾಟಿ ಹೋಗಿ ನೀರಿನ ತೊಟ್ಟಿಯ ಪಕ್ಕ ನಿಂತಿತು. ಬಂದದ್ದು ನೊಣಕ್ಕೂ ಗೊತ್ತಾಗಲಿಲ್ಲ.

ಭಾವ ನೆಟ್ಟಗೆ ಕೂತು ಹೊಗಳಿಕೆಗೆ ಕಾದರು. ಕಾಲರು ತಿರುಗಲು ಬಿಡದ್ದರಿಂದ ಅವರಿಗೆ ಕಾಣುತ್ತಿದ್ದುದು ತೊಟ್ಟಿ ಮಾತ್ರ.

“ನೋಡ್ತಿದಾರಾ?” ಎಂದು ತುಟಿ ಅಲುಗಿಸದೆ ಕೇಳಿದರು.

“ಆಯಾನ ಕಳಿಸಿದ್ರು. ಈಗ ಗೇಟ್ ಕಡೆ ನೋಡ್ತಿದಾರೆ,” ಎಂದಳು ಅಕ್ಕ. “ಇಳಿದು ಹೋಗಿ ಮಾತಾಡ್ಸಿ ರೀ.”

“ಬೇಡ. ಎಷ್ಟು ಹೊತ್ತು ಸದ್ದಿಲ್ಲದೆ ಇರ್ತೀವಿ ಅಂತ ಪರೀಕ್ಷೆ ಮಾಡ್ತಿರ್ಬೇಕು.”

ಹತ್ತಾಯಿತು. ಹತ್ತೂ ಹತ್ತಾಯಿತು. ಹೆಡ್ ಸಿಸ್ಟರು ಎದೆಯ ಮೇಲೆ ಸಿಕ್ಕಿಸಿದ್ದ ಗಡಿಯಾರವನ್ನು ಎತ್ತಿ ನೋಡಿದರು, ಕಿವಿಗೆ ಹಿಡಿದು ನೋಡಿದರು. ಕೊನೆಗೆ ಕಾವಲುಗಾರನ ಬಳಿ ಹೋಗಿ ಪಿಸುಗುಟ್ಟಿದರು. ಅಂಗಳ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನಮಗೆ ಒಂದೊಂದು ಅಕ್ಷರವೂ ಕೇಳಿಸಿತು.

“ಬರೋ ಹಾಗೆ ಕಾಣಲ್ಲ ಅವರು. ಸೇತುವೆ ಆಚೆಯವರಿಗೆ ಫೋನ್ ಮಾಡು.”

ಭಾವನ ಜೀವ ಬಾಯಿಗೆ ಬಂತು. ಹಾರನ್ ಮಾಡುವಂತಿಲ್ಲ, ಕೂಗುವಂತಿಲ್ಲ. ಎದುರಿಗೇ ತುಟಿಯ ಮೇಲೆ ಬೆರಳಿಟ್ಟ ಚಿತ್ರದ ಬೋರ್ಡು. ನಾನು ಗಂಟುಗಳಿಂದ ಒಂದು ಕಾಲು ಕೆಳಗಿಳಿಸಿದ್ದೆ. ಅಕ್ಕ ಬಾಗಿಲ ಹಿಡಿಗೆ ಕೈ ಹಾಕಿದ್ದಳು. ಗಾಡಿಯನ್ನು ತಿರುಗಿಸಿ ಸಿಸ್ಟರ ಕಣ್ಣಿಗೆ ಬೀಳಿಸಬೇಕು, ಅದೂ ಈ ಕ್ಷಣವೇ, ಎಂದು ಭಾವನಿಗೆ ಹೊಳೆಯಿತು. ಇಬ್ಬರು ಹೆಂಗಸರ ಕೆಲಸ ಹೋಗುವ ಹೊತ್ತು. ಇಂಥ ಹೊತ್ತಿನಲ್ಲೂ ಎರಡು ಚಕ್ರ ಕೈಕಟ್ಟಿ ಕೂರುವುದೇ!

“ರೀ, ಬೇಡ!” ಎಂದಳು ಅಕ್ಕ.

ಗುರ್ರ್! ಟೈರುಗಳು ಅಂಗಳದ ಕಲ್ಲುಹಾಸಿನ ಮೇಲೆ ಕಿರುಚಿದವು. ಮೊದಲು ಒಂದು ಮಗು ಅತ್ತಿತು. ಅದನ್ನು ಕೇಳಿ ಪಕ್ಕದ್ದು. ಆಮೇಲೆ ಇಪ್ಪತ್ತಮೂರು ಕೂಸುಗಳೂ ಒಂದೇ ಕೊರಳಲ್ಲಿ ಶುರು ಮಾಡಿದವು. ಕಿಟಕಿ ಕಿಟಕಿಯಲ್ಲೂ ಅಜ್ಜಿಯರ ತಲೆ ಮೂಡಿತು. ಹೆಡ್ ಸಿಸ್ಟರು ಗಿರಕ್ಕನೆ ತಿರುಗಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರ ಪೂರ್ತಿ ದನಿ ಹೊರಗೆ ಬಂತು. ಅದು ನಮ್ಮ ಹಳೇ ವ್ಯಾನಿಗಿಂತ ಜೋರಾಗಿತ್ತು.

“ಯಾವಾಗ ಬಂದ್ರಿ ನೀವು?”

ಅಕ್ಕ ಕೈ ಚಾಚಿ ಗಾಡಿ ಆಫ್ ಮಾಡಿ ಇಳಿದಳು. “ಹತ್ತಕ್ಕೆ ಐದು ನಿಮಿಷ ಇರೋವಾಗ್ಲೇ ಬಂದ್ವಿ ಸಿಸ್ಟರ್. ನಿಮ್ಮ ಬೆನ್ನ ಹಿಂದೆಯೇ ಹಾದು ಬಂದಿದ್ದು.”

“ನನ್ನ ಬೆನ್ನ ಹಿಂದೆ? ನಂಗೆ ಕೇಳಿಸ್ಲೇ ಇಲ್ಲ.”

“ಕೇಳಿಸ್ಬಾರ್ದು ಅಂತಾನೇ ಅಲ್ವಾ ಸಿಸ್ಟರ್ ತಂದಿದ್ದು?”

ಹೆಡ್ ಸಿಸ್ಟರು ಯೋಚಿಸಿದರು. “ಹಾಗಿದ್ರೆ ಈಗ ಆಗಿದ್ದೇನು? ಆ ಸದ್ದು?”

“ಅದು ಗಾಡೀದಲ್ಲ,” ಎಂದಳು ಅಕ್ಕ. “ಇವರದು.”

ಮಕ್ಕಳು ಮತ್ತೆ ಮಲಗಲು ಮುಕ್ಕಾಲು ಗಂಟೆ ಹಿಡಿಯಿತು. ಎಬ್ಬಿಸಿದವರೇ ಮಲಗಿಸಬೇಕೆಂದು ಅಜ್ಜಿಯರು ಹಟ ಹಿಡಿದದ್ದರಿಂದ ಭಾವ ಕಿಟಕಿಯ ಹೊರಗೆ ನಿಂತು, ಎಡಕ್ಕೂ ಬಲಕ್ಕೂ ಇಡೀ ಮೈ ತಿರುಗಿಸುತ್ತ, ಜೋ ಜೋ ಎಂದರು. ಎರಡು ಮಕ್ಕಳಂತೂ ಅವರ ದನಿಗೇ ಮಲಗಿದವು ಎಂದು ಅವರು ಇವತ್ತಿಗೂ ಹೇಳುತ್ತಾರೆ. ಆಮೇಲೆ ಮರುಪರೀಕ್ಷೆ ನಡೆಯಿತು. ಹೆಡ್ ಸಿಸ್ಟರು ಅಂಗಳದ ನಡುವೆ ಕಣ್ಣು ಮುಚ್ಚಿ ನಿಂತರು. ಅಕ್ಕ ಗುಂಡಿಯ ತಂಟೆಗೆ ಹೋಗದೆ ಅವರ ಸುತ್ತ ಮೂರು ಸುತ್ತು ಗಾಡಿ ಓಡಿಸಿದಳು. ಸಿಸ್ಟರು ಕಣ್ಣು ಬಿಟ್ಟು, “ಶುರು ಮಾಡಿ,” ಎಂದರು.

“ಮುಗೀತು ಸಿಸ್ಟರ್,” ಎಂದೆ ನಾನು.

ಅವರು ಕಾಗದ ತರಿಸಿ ಸಹಿ ಹಾಕಿದರು. ದನಿ ಮತ್ತೆ ಪಿಸುಮಾತಿಗೆ ಇಳಿದಿತ್ತು. “ಗಾಡಿ ಪಾಸ್. ಡ್ರೈವರ್ ಫೇಲ್. ಇನ್ನು ಮುಂದೆ ದಿನಾ ಗಾಡಿ ತರೋದು ಇವರು.” ಬೆರಳು ಅಕ್ಕನ ಕಡೆ ಇತ್ತು.

“ಅವಳಿಗೆ ಇಸ್ತ್ರಿ ಕೆಲಸ ಇದೆಯಲ್ಲ ಸಿಸ್ಟರ್,” ಎಂದರು ಭಾವ.

“ನಿಮಗೆ ಇನ್ನು ಮೇಲೆ ಡ್ರೈವಿಂಗ್ ಕೆಲಸ ಇಲ್ಲವಲ್ಲ,” ಎಂದರು ಹೆಡ್ ಸಿಸ್ಟರು.

ವಾಪಸ್ ಬರುವಾಗ ಅಕ್ಕ ಓಡಿಸಿದಳು. ಖಾಲಿ ಗಾಡಿ, ಏರುತ್ತಿದ್ದ ಬಿಸಿಲು. ಭಾವ ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಿದ್ದರು. ಅಂಚೆ ಕಚೇರಿಯ ಬಳಿ ಎಡಕ್ಕೆ ತಿರುಗಿದರೆ ನಮ್ಮ ಲಾಂಡ್ರಿ. ಅಕ್ಕ ಬಲಕ್ಕೆ ತಿರುಗಿಸಿದಳು.

“ಏ, ಲಾಂಡ್ರಿ ಆ ಕಡೆ.”

“ಗೊತ್ತು.”

“ಮತ್ತೆ ಎಲ್ಲಿಗೆ ಹೊರಟೆ?”

“ಗೊತ್ತಿಲ್ಲ. ಇನ್ನೂ ಮೂವತ್ತು ಕಿಲೋಮೀಟರ್ ಚಾರ್ಜ್ ಇದೆ.”

ಕೆರೆಯ ಪಕ್ಕದ ರಸ್ತೆ. ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಭಾವ ಏನೋ ಹೇಳಲು ಇಡೀ ಮೈ ತಿರುಗಿಸಿ ಅಕ್ಕನ ಕಡೆ ನೋಡಿದರು. ಅಕ್ಕ ನಗುತ್ತಿದ್ದಳು, ನಮ್ಮಪ್ಪನ ಲಾರಿಯಲ್ಲಿ ಕೂತಾಗ ನಗುತ್ತಿದ್ದ ಹಾಗೆ. ಹದಿನೇಳು ವರ್ಷದಿಂದ ಜೊತೆಗಿದ್ದೂ ಭಾವ ಆ ನಗು ನೋಡಿರಲಿಲ್ಲ ಅಂತ ಕಾಣುತ್ತದೆ, ಹೇಳಬೇಕೆಂದಿದ್ದು ಮರೆತುಹೋಯಿತು. ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಮತ್ತೆ ಮುಂದಕ್ಕೆ ತಿರುಗಿ ಕೂತರು.

“ನಿಧಾನಕ್ಕೆ ಹೋಗು,” ಎಂದರು. “ಏನೂ ಅರ್ಜೆಂಟಿಲ್ಲ.”